ಸೆಕೆಂಡ್ ಲೈಫ್‌ನ ಬ್ಲಾಗರುಗಳು: ಹುಡುಕುವುದು ಹೇಗೆ, ಇತರರಿಗೆ ತಲುಪಿಸುವುದು ಹೇಗೆ

ಸೆಕೆಂಡ್ ಲೈಫ್ ಎಂಬ ವರ್ಚುವಲ್ ಲೋಕವನ್ನು ಸ್ಯಾನ್ ಫ್ರಾನ್ಸಿಸ್ಕೊದ ಲಿಂಡನ್ ಲ್ಯಾಬ್ ಕಂಪನಿ ಸಾರ್ವಜನಿಕರಿಗೆ ತೆರೆದದ್ದು 2003ರ ಜೂನ್‌ನಲ್ಲಿ. ಅಲ್ಲಿನ ನೆಲವನ್ನು ನಡೆಸುವುದು ಕಂಪನಿ. ಆ ನೆಲದ ಮೇಲೆ ಎದ್ದ ಮನೆ, ಕಾಡು, ಗ್ಯಾಲರಿ, ಅಂಗಡಿ, ಅವತಾರದ (ಅಲ್ಲಿ ನಿಮ್ಮನ್ನು ಪ್ರತಿನಿಧಿಸುವ ಆಕೃತಿಯ) ಮೈಮೇಲಿನ ಬಟ್ಟೆ, ಅದರ ನಡಿಗೆ ಎಲ್ಲವೂ ಬಹುಮಟ್ಟಿಗೆ ನಿವಾಸಿಗಳೇ ಮಾಡಿದ್ದು. ಅಲ್ಲಿಗೆ ಹೋಗುವವರನ್ನು ಬಳಕೆದಾರರು ಎನ್ನುವುದಿಲ್ಲ, ನಿವಾಸಿಗಳು ಎನ್ನುತ್ತಾರೆ. ಆದರೆ ಅಲ್ಲಿ ಯಾವುದೂ ಶಾಶ್ವತವಲ್ಲ. ಜಾಗಕ್ಕೆ ತಿಂಗಳು ತಿಂಗಳು ಹಣ ಕಟ್ಟಬೇಕು. ಕಟ್ಟುವುದು ನಿಂತರೆ ವರ್ಷಗಟ್ಟಲೆ ಕಟ್ಟಿ ಬೆಳೆಸಿದ ಊರು ನಕ್ಷೆಯಿಂದಲೇ ಇಲ್ಲವಾಗುತ್ತದೆ. ಕಲಾವಿದರಿಗೆ ಉಚಿತವಾಗಿ ಜಾಗ ಕೊಡುತ್ತಿದ್ದ ಲಿಂಡನ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ 2019ರಲ್ಲಿ ಮುಚ್ಚಿತು. ಅಲ್ಲಿ ಒಂದರ ಹಿಂದೆ ಒಂದರಂತೆ ಅರಳಿದ ಕಲಾಕೃತಿಗಳು ಇಂದು ನೋಡಸಿಗುವುದು, ಆಗ ಅವುಗಳ ನಡುವೆ ನಡೆದಾಡಿ ಬರೆದಿಟ್ಟವರ, ಚಿತ್ರ ತೆಗೆದಿಟ್ಟವರ ಪುಟಗಳಲ್ಲಿ ಮಾತ್ರ.

ಆ ಬರೆದಿಟ್ಟವರೇ ಬ್ಲಾಗರುಗಳು. ಆ ಲೋಕಕ್ಕೆ ಪತ್ರಿಕೆ, ಪ್ರವಾಸ ಕೈಪಿಡಿ, ಇತಿಹಾಸ ಮೂರೂ ಅವರೇ. ಆದರೂ ಅವರನ್ನು ಕಂಡುಹಿಡಿಯುವುದು ಸುಲಭವಲ್ಲ. ಸೆಕೆಂಡ್ ಲೈಫ್‌ನ ಒಳಗಿನ ಹುಡುಕಾಟ ಜಾಗಗಳನ್ನು ತೋರಿಸುತ್ತದೆ, ಗುಂಪುಗಳನ್ನು ತೋರಿಸುತ್ತದೆ, ಮಾರಾಟದ ಸರಕನ್ನು ತೋರಿಸುತ್ತದೆ. ಚೆನ್ನಾಗಿ ಬರೆಯುವವರು ಯಾರು ಎಂದು ಹೇಳುವುದಿಲ್ಲ. ಒಬ್ಬ ನಿವಾಸಿ ಇನ್ನೊಬ್ಬರಿಗೆ ಹೇಳಿದರೆ ಮಾತ್ರ ಗೊತ್ತಾಗುವ ಸಂಗತಿ ಅದು. ಆದ್ದರಿಂದ ಹೇಳುವವರು ಸರಿಯಾಗಿ ಹೇಳಬೇಕು. ಬಾಯಿಗೆ ಬಂದ ಇಪ್ಪತ್ತು ಹೆಸರುಗಳನ್ನು ಸಾಲಾಗಿ ಪೋಣಿಸಿದರೆ ಯಾರಿಗೂ ಪ್ರಯೋಜನವಿಲ್ಲ. ಒಬ್ಬರನ್ನೇ ತೋರಿಸಿ, ಅವರ ಯಾವ ಬರಹವನ್ನು, ಯಾರು, ಏಕೆ ಓದಬೇಕು ಎಂದು ಹೇಳಿದರೆ ಕೇಳಿದವರು ನಿಜವಾಗಿಯೂ ಹೋಗಿ ಓದುತ್ತಾರೆ. ಈ ಮಾರ್ಗದರ್ಶಿಯ ಉದ್ದೇಶ ಅದು.

ಹೆಜ್ಜೆ 1: ನಿಮಗೆ ಬೇಕಾದದ್ದು ಯಾವ ಬಗೆಯ ಬರಹ ಎಂದು ತಿಳಿದುಕೊಳ್ಳಿ

ಸೆಕೆಂಡ್ ಲೈಫ್ ಬಗ್ಗೆ ಬರೆಯುವವರಲ್ಲಿ ದೊಡ್ಡ ಪಾಲು ಫ್ಯಾಷನ್ ಬ್ಲಾಗರುಗಳದು. ಅವತಾರಕ್ಕೆ ತೊಡಿಸಿದ ಉಡುಪು, ಕೂದಲು, ಚರ್ಮ, ಭಂಗಿ ಯಾವ ಅಂಗಡಿಯದು ಎಂದು ಚಿತ್ರದ ಕೆಳಗೆ ಪಟ್ಟಿ ಕೊಡುವುದು ಅವರ ಕ್ರಮ. ಅವರ ಪಕ್ಕದಲ್ಲೇ ಮನೆ ಅಲಂಕಾರದವರಿದ್ದಾರೆ, ಬಿಟ್ಟಿ ಸಿಗುವ ಸರಕುಗಳನ್ನು ಹುಡುಕಿ ಕೊಡುವವರಿದ್ದಾರೆ. ಹೊಸ ಹೊಸ ತಾಣಗಳನ್ನು ಸುತ್ತಿ ಬರೆಯುವ ಅಲೆಮಾರಿಗಳಿದ್ದಾರೆ. ಕಲಾ ವಿಮರ್ಶಕರು, ತಾಂತ್ರಿಕ ಸುದ್ದಿಯವರು, ತಮ್ಮ ಅವತಾರದ ಬದುಕನ್ನೇ ಕಥೆಯಾಗಿ ಬರೆಯುವವರು, ಆ ಲೋಕದೊಳಗೇ ಚಿತ್ರೀಕರಿಸುವ ಮಶಿನಿಮಾದವರು ಬೇರೆ. ಫ್ಯಾಷನ್ ಎಂದರೆ ಹಗುರ, ಕಲೆ ಎಂದರೆ ಘನ ಎಂಬ ತಾರತಮ್ಯ ಬೇಡ. ಹೊಸಬರಿಗೆ ಮೆಶ್ ದೇಹಕ್ಕೆ (ನಿವಾಸಿಗಳು ತಯಾರಿಸಿದ ಮೂರು ಆಯಾಮದ ಮಾದರಿ ದೇಹಕ್ಕೆ) ಚರ್ಮ ಹೊಂದಿಸುವುದನ್ನು ತಾಳ್ಮೆಯಿಂದ ಹೇಳಿಕೊಟ್ಟವರು ಬಹುಪಾಲು ಫ್ಯಾಷನ್ ಬ್ಲಾಗರುಗಳೇ.

ಆರಂಭಕ್ಕೆ ಎರಡು ಗಟ್ಟಿ ಬಾಗಿಲುಗಳಿವೆ. ಒಂದು, ವ್ಯಾಗ್ನರ್ ಜೇಮ್ಸ್ ಔ ನಡೆಸುವ ನ್ಯೂ ವರ್ಲ್ಡ್ ನೋಟ್ಸ್. ಅವರು 2003ರಲ್ಲಿ ಲಿಂಡನ್ ಲ್ಯಾಬ್‌ನ ಗುತ್ತಿಗೆಯ ಮೇಲೆ ಆ ಲೋಕದೊಳಗಿನ ವರದಿಗಾರರಾಗಿ ಬರೆಯಲು ತೊಡಗಿದರು, 2006ರಿಂದ ಸ್ವತಂತ್ರವಾಗಿ ಮುಂದುವರಿಸಿದರು. ಇನ್ನೊಂದು, ಇನಾರಾ ಪೇ ಎಂಬ ನಿವಾಸಿಯ ಲಿವಿಂಗ್ ಇನ್ ದಿ ಮಾಡೆಮ್ ವರ್ಲ್ಡ್. ಕಲಾ ಪ್ರದರ್ಶನ, ಸುಂದರ ತಾಣ, ಕಂಪನಿಯ ಎಂಜಿನಿಯರುಗಳು ನಿವಾಸಿಗಳ ಜೊತೆ ನಡೆಸುವ ಸಭೆಗಳ ಸಾರಾಂಶ ಎಲ್ಲವೂ ಅಲ್ಲಿ ಸಿಗುತ್ತದೆ. ಇಬ್ಬರೂ ಈಗಾಗಲೇ ಹೆಸರಾದವರು, ಅವರಿಗೆ ನಮ್ಮ ಶಿಫಾರಸಿನ ಅಗತ್ಯವಿಲ್ಲ. ಆದರೆ ಅವರ ಲೇಖನಗಳಲ್ಲಿ ಬೇರೆ ಬೇರೆ ನಿವಾಸಿಗಳ ಹೆಸರು, ತಾಣ, ಕೊಂಡಿ ಧಾರಾಳವಾಗಿ ಬರುತ್ತವೆ. ಅಲ್ಲಿಂದ ಹೊರಗೆ ಹೋಗುವ ಕೊಂಡಿಗಳನ್ನು ಹಿಡಿದು ನಡೆಯುವುದೇ ನಮ್ಮ ಕೆಲಸ.

ಹೆಜ್ಜೆ 2: ಲೋಕದ ಒಳಗಿನಿಂದ ಹುಡುಕಿ

ಹೆಚ್ಚಿನವರು ನೇರವಾಗಿ ಗೂಗಲ್‌ಗೆ ಹೋಗುತ್ತಾರೆ. ನನ್ನ ಅನುಭವದಲ್ಲಿ ಒಳಗಿನ ದಾರಿಯೇ ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ನಿಮಗೆ ಇಷ್ಟವಾದ ಜಾಗವನ್ನು ಇಷ್ಟಪಟ್ಟ ಇನ್ನೊಬ್ಬರ ಬರಹ ನಿಮಗೆ ಹಿಡಿಸುವ ಸಾಧ್ಯತೆ ಹೆಚ್ಚು.

ನಿಮಗೆ ಮೆಚ್ಚುಗೆಯಾದ ಒಂದು ತಾಣಕ್ಕೆ ಟೆಲಿಪೋರ್ಟ್ ಆಗಿ, ಅಂದರೆ ಒಂದೇ ನೆಗೆತಕ್ಕೆ ಅಲ್ಲಿಗೆ ಹೋಗಿ. ಇಳಿಯುವ ಜಾಗದ ಸುತ್ತ ಮೊದಲು ನೋಡಿ. ಅತಿಥಿ ಪುಸ್ತಕ, ಚಿತ್ರ ಹಂಚುವ ಜಾಲತಾಣ ಫ್ಲಿಕರ್‌ನ ಗುಂಪಿಗೆ ಕರೆಯುವ ಫಲಕ, ಮುಟ್ಟಿದರೆ ನೋಟ್‌ಕಾರ್ಡ್ (ಆ ಲೋಕದೊಳಗಿನ ಬರಹದ ಚೀಟಿ) ಕೊಡುವ ಪೆಟ್ಟಿಗೆ ಅನೇಕ ಕಡೆ ಇರುತ್ತವೆ. ಆ ನೋಟ್‌ಕಾರ್ಡ್‌ನಲ್ಲಿ ತಾಣ ಕಟ್ಟಿದವರ ಹೆಸರಿರುತ್ತದೆ, ಕೆಲವೊಮ್ಮೆ ಅದರ ಬಗ್ಗೆ ಬರೆದವರ ಪುಟಗಳ ಕೊಂಡಿಯೂ ಇರುತ್ತದೆ. ನಂತರ ಜಾಗದ ವಿವರ ತೆರೆದು ಮಾಲೀಕರ ಹೆಸರು ಹಿಡಿಯಿರಿ, ಅವರ ಪ್ರೊಫೈಲ್ ತೆರೆಯಿರಿ.

ಪ್ರೊಫೈಲ್‌ನ ಪಿಕ್ಸ್ ಭಾಗವನ್ನು ಬಹಳ ಜನ ಕಣ್ಣುಹಾಯಿಸಿ ಬಿಡುತ್ತಾರೆ. ಅಲ್ಲಿ ಕೂತು ಓದಿ. ಪಿಕ್ಸ್ ಎಂದರೆ ನಿವಾಸಿಯೊಬ್ಬರು ತಮ್ಮ ಮೆಚ್ಚಿನ ಜಾಗಗಳನ್ನು ಚಿತ್ರ ಮತ್ತು ನಾಲ್ಕು ಸಾಲಿನ ಜೊತೆ ಅಂಟಿಸಿಕೊಳ್ಳುವ ಪುಟ್ಟ ಚೌಕಗಳು. ಎಷ್ಟು ಬೇಕಾದರೂ ಹಾಕಿಕೊಳ್ಳಲು ಬರುವುದಿಲ್ಲವಾದ್ದರಿಂದ ಜನ ಅವನ್ನು ಯೋಚಿಸಿಯೇ ಹಾಕುತ್ತಾರೆ. ಬರೆಯುವವರು ತಮ್ಮ ಬ್ಲಾಗ್ ವಿಳಾಸವನ್ನು ಒಂದು ಪಿಕ್‌ನಲ್ಲಿ ಇಟ್ಟಿರುತ್ತಾರೆ. ಗೆಳೆಯರ ಬ್ಲಾಗನ್ನು ಇನ್ನೊಂದರಲ್ಲಿ. ಒಬ್ಬರು ತಮ್ಮ ಅಮೂಲ್ಯವಾದ ಚೌಕವೊಂದನ್ನು ಇನ್ನೊಬ್ಬರ ಬರಹಕ್ಕೆ ಬಿಟ್ಟುಕೊಟ್ಟಿದ್ದಾರೆ ಎಂದರೆ ಅದು ಗಂಭೀರವಾದ ಶಿಫಾರಸು. ಅಂಥದ್ದು ಕಂಡರೆ ತಪ್ಪದೆ ಗುರುತು ಹಾಕಿಕೊಳ್ಳಿ.

ಅವತಾರಗಳ ತಲೆಯ ಮೇಲೆ ತೇಲುವ ಗುಂಪಿನ ಹೆಸರುಚೀಟಿಯೂ ಸುಳಿವೇ. ದೊಡ್ಡ ಕಾರ್ಯಕ್ರಮಗಳಲ್ಲಿ ಅಧಿಕೃತ ಬ್ಲಾಗರುಗಳು ಆ ಚೀಟಿ ಧರಿಸಿಯೇ ಓಡಾಡುತ್ತಾರೆ. ಕ್ಯಾನ್ಸರ್ ನಿಧಿಗಾಗಿ ನಡೆಯುವ ರಿಲೇ ಫಾರ್ ಲೈಫ್‌ನ ಅಂಗವಾಗಿ ಪ್ರತಿ ವರ್ಷ ಫ್ಯಾಂಟಸಿ ಫೇರ್ ಎಂಬ ಜಾತ್ರೆ ಕೂಡುತ್ತದೆ. ಪ್ರತಿ ಜೂನ್‌ನಲ್ಲಿ ಸೆಕೆಂಡ್ ಲೈಫ್‌ನ ಹುಟ್ಟುಹಬ್ಬಕ್ಕೆ ನಿವಾಸಿಗಳು ಪ್ರದರ್ಶನಗಳನ್ನು ಕಟ್ಟುತ್ತಾರೆ. ಈ ಎರಡು ಸಂದರ್ಭಗಳಲ್ಲಿ ಬರೆಯುವವರು ಒಂದೇ ಕಡೆ ಸೇರುವುದರಿಂದ, ಒಂದೇ ತಾಣದ ಬಗ್ಗೆ ಹಲವರ ಬರಹಗಳು ಒಂದೇ ವಾರದಲ್ಲಿ ಬರುತ್ತವೆ. ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

ಭಾರತದಲ್ಲಿರುವ ಓದುಗರಿಗೆ ಒಂದು ಮಾತು. ಅಲ್ಲಿನ ಗಡಿಯಾರ ಅಮೆರಿಕದ ಪೆಸಿಫಿಕ್ ಕಾಲಮಾನದ್ದು. ನಮ್ಮ ಸಮಯ ಅದಕ್ಕಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಶನಿವಾರ ಸಂಜೆ 6ಕ್ಕೆ ಎಂದು ಪ್ರಕಟಿಸಿದ ಪ್ರದರ್ಶನ ನಮಗೆ ಭಾನುವಾರ ಬೆಳಿಗ್ಗೆ ಆರೂವರೆಗೋ ಏಳೂವರೆಗೋ. ಬೆಂಗಳೂರಿನಲ್ಲಿ ಕೂತು ರಾತ್ರಿ ಹೊತ್ತು ಒಳಗೆ ಹೋದರೆ ಅಮೆರಿಕದವರಿಗಿಂತ ಯುರೋಪಿನ ನಿವಾಸಿಗಳೇ ಹೆಚ್ಚು ಸಿಗುತ್ತಾರೆ. ನೀವು ಯಾರನ್ನು ಭೇಟಿಯಾಗುತ್ತೀರಿ ಎಂಬುದನ್ನು ಬಹಳಷ್ಟು ಮಟ್ಟಿಗೆ ಈ ಲೆಕ್ಕವೇ ನಿರ್ಧರಿಸುತ್ತದೆ.

ಹೆಜ್ಜೆ 3: ಹೊರಗಿನಿಂದಲೂ ಹುಡುಕಿ

ಹುಡುಕು ಪೆಟ್ಟಿಗೆಯಲ್ಲಿ ‘ಸೆಕೆಂಡ್ ಲೈಫ್ ಬ್ಲಾಗ್’ ಎಂದು ಹಾಕಿದರೆ ಹಳೆಯ ಪಟ್ಟಿಗಳು ಬರುತ್ತವೆ, ಅರ್ಧಕ್ಕರ್ಧ ಕೊಂಡಿಗಳು ಸತ್ತಿರುತ್ತವೆ. ಬದಲಿಗೆ ನೀವು ನೋಡಿಬಂದ ರೀಜನ್‌ನ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು, ಪಕ್ಕದಲ್ಲಿ ಸೆಕೆಂಡ್ ಲೈಫ್ ಎಂದು ಇಂಗ್ಲಿಷಿನಲ್ಲಿ ಸೇರಿಸಿ ಹುಡುಕಿ. ರೀಜನ್ ಎಂದರೆ 256 ಮೀಟರ್ ಉದ್ದ, ಅಷ್ಟೇ ಅಗಲದ ನೆಲದ ಚೌಕ. ಪ್ರತಿಯೊಂದಕ್ಕೂ ತನ್ನದೇ ಹೆಸರಿದೆ. ತಾಣದ ಬಗ್ಗೆ ಬರೆದವರು ನಕ್ಷೆಯ ಕೊಂಡಿ ಕೊಟ್ಟೇ ಕೊಡುತ್ತಾರೆ. ನಿವಾಸಿಗಳು ಅದನ್ನು ಸ್ಲರ್ಲ್ ಎನ್ನುತ್ತಾರೆ. ಅದರಲ್ಲಿ ರೀಜನ್‌ನ ಹೆಸರು ಇರುವುದರಿಂದ ಆ ಬರಹ ಸಿಕ್ಕಿಬೀಳುತ್ತದೆ. ಕಲಾವಿದರ ಹೆಸರು, ಅಂಗಡಿಯ ಹೆಸರು ಹಾಕಿಯೂ ಇದನ್ನೇ ಮಾಡಬಹುದು.

ಎರಡನೆಯ ದಾರಿ ಫ್ಲಿಕರ್. ಸೆಕೆಂಡ್ ಲೈಫ್‌ನ ಛಾಯಾಚಿತ್ರಕಾರರು ವರ್ಷಗಳಿಂದ ಅಲ್ಲಿ ಬೀಡುಬಿಟ್ಟಿದ್ದಾರೆ. ಒಂದೊಂದು ತಾಣಕ್ಕೂ ಅದರದೇ ಗುಂಪು ಇರುವುದು ಸಾಮಾನ್ಯ. ಚಿತ್ರ ಇಷ್ಟವಾದರೆ ಅದರ ಕೆಳಗಿನ ವಿವರಣೆ ಓದಿ. ಬ್ಲಾಗ್ ಇದ್ದವರು ಅಲ್ಲಿ ಕೊಂಡಿ ಇಟ್ಟಿರುತ್ತಾರೆ. ಚಿತ್ರ ತೆಗೆದವರಷ್ಟೇ ಮುಖ್ಯ, ಆ ಚಿತ್ರಕ್ಕೆ ಎರಡು ಸಾಲು ಅರ್ಥಪೂರ್ಣವಾಗಿ ಪ್ರತಿಕ್ರಿಯಿಸಿದವರು. ‘ಸುಂದರ’ ಎಂದು ಬರೆದು ಹೋದವರನ್ನು ಬಿಟ್ಟು, ಬೆಳಕಿನ ಬಗ್ಗೆಯೋ ಜಾಗದ ಬಗ್ಗೆಯೋ ಏನಾದರೂ ಗಮನಿಸಿ ಹೇಳಿದವರ ಪುಟಕ್ಕೆ ಹೋಗಿ. ಈಚಿನ ವರ್ಷಗಳಲ್ಲಿ ಸೆಕೆಂಡ್ ಲೈಫ್‌ನವರಿಗೆಂದೇ ಪ್ರಿಮ್‌ಫೀಡ್ ಎಂಬ ಸಾಮಾಜಿಕ ತಾಣವೂ ಬಂದಿದೆ, ಬಹಳ ಜನ ಚಿತ್ರಗಳನ್ನು ಅಲ್ಲಿ ಹಾಕುತ್ತಿದ್ದಾರೆ.

ಮೂರನೆಯದು ಬ್ಲಾಗಿನ ಅಂಚಿನ ಪಟ್ಟಿ. ಕನ್ನಡ ಬ್ಲಾಗುಗಳು ಹುಲುಸಾಗಿದ್ದ ಕಾಲದಲ್ಲಿ ಓದುತ್ತಿದ್ದವರಿಗೆ ಈ ಪಟ್ಟಿಯ ಬೆಲೆ ಗೊತ್ತು: ಪುಟದ ಪಕ್ಕದಲ್ಲಿ ಬರೆಯುವವರು ತಾವು ಓದುವ ಇತರ ಬ್ಲಾಗುಗಳ ಹೆಸರು ಹಾಕಿರುತ್ತಿದ್ದರು, ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ರಾತ್ರಿ ಕಳೆಯುತ್ತಿತ್ತು. ಸೆಕೆಂಡ್ ಲೈಫ್‌ನ ಬ್ಲಾಗುಗಳಲ್ಲಿ ಆ ಪದ್ಧತಿ ಇನ್ನೂ ಉಳಿದಿದೆ. ಮೂರು ಬೇರೆ ಬೇರೆ ಬಗೆಯ ಬ್ಲಾಗುಗಳ ಪಟ್ಟಿಯಲ್ಲಿ ಒಂದೇ ಹೆಸರು ಕಂಡರೆ ಅಲ್ಲಿ ಏನೋ ಇದೆ ಎಂದು ತಿಳಿಯಿರಿ.

ಹಳೆಯ ಸವಾಲು ಬರಹಗಳನ್ನೂ ಮರೆಯಬೇಡಿ. ಸ್ಟ್ರಾಬೆರಿ ಸಿಂಗ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ, ನಂತರ ಲಿಂಡನ್ ಲ್ಯಾಬ್ ಸೇರಿದ ಬ್ಲಾಗರ್ ಸೋಮವಾರಗಳಂದು ಒಂದು ವಿಷಯ ಕೊಟ್ಟು ಎಲ್ಲರನ್ನೂ ಬರೆಯಲು ಕರೆಯುತ್ತಿದ್ದರು. ಬರೆದವರು ತಮ್ಮ ಕೊಂಡಿಯನ್ನು ಆ ಪುಟದ ಕೆಳಗೆ ಬಿಟ್ಟುಹೋಗುತ್ತಿದ್ದರು. ಒಂದೇ ಪ್ರಶ್ನೆಗೆ ಹತ್ತಾರು ನಿವಾಸಿಗಳ ಉತ್ತರ ಒಂದೇ ಕಡೆ ಸಿಗುವ ಇಂಥ ಪುಟಗಳು ಹುಡುಕುವವರಿಗೆ ವರ. ಅದೇ ‘ಪ್ರಶಸ್ತಿ’ಯ ಹೆಸರಿನಲ್ಲಿ ಒಬ್ಬರು ಹತ್ತು ಜನರಿಗೆ, ಆ ಹತ್ತು ಜನ ತಲಾ ಹತ್ತು ಜನರಿಗೆ ದಾಟಿಸುವ ಸರಪಳಿ ಬರಹಗಳಿಂದ ನಾನು ದೂರ. ಹೆಸರು ತುಂಬಿಸಲೆಂದೇ ತುಂಬಿಸಿದ ಪಟ್ಟಿ ಯಾರನ್ನೂ ಓದಿಸುವುದಿಲ್ಲ.

ಸಿಕ್ಕ ವಿಳಾಸಗಳನ್ನು ಫೀಡ್ಲಿ ಅಥವಾ ಇನೊರೀಡರ್‌ನಂಥ ಫೀಡ್ ಓದುಗಕ್ಕೆ ಸೇರಿಸಿ. ಹೊಸ ಬರಹ ಬಂದಾಗ ತಾನಾಗಿ ಕಾಣಿಸುತ್ತದೆ.

ಹೆಜ್ಜೆ 4: ಓದಿ ಪರೀಕ್ಷಿಸಿ, ಸಾಧ್ಯವಾದರೆ ಹೋಗಿ ನೋಡಿ

ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಿ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮೊದಲ ಪುಟ ಓದಿ ತೀರ್ಮಾನಿಸಬೇಡಿ. ಇತ್ತೀಚಿನ ಕೆಲವು, ಒಂದು ವರ್ಷ ಹಿಂದಿನ ಕೆಲವು, ತೀರಾ ಆರಂಭದ ಒಂದೆರಡು ಬರಹಗಳನ್ನು ಓದಿ. ಬರೆದವರು ಅಲ್ಲಿಗೆ ನಿಜವಾಗಿಯೂ ಹೋಗಿದ್ದರೇ ಎಂಬುದು ಓದಿದರೆ ತಿಳಿಯುತ್ತದೆ. ತಾಣದ ಮಾಲೀಕರು ಕೊಟ್ಟ ನೋಟ್‌ಕಾರ್ಡ್‌ನ ಸಾಲುಗಳನ್ನೇ ಇಳಿಸಿದ ಬರಹಕ್ಕೂ, ‘ಗುಹೆಯ ಎಡಬದಿಯ ಮೆಟ್ಟಿಲು ಹತ್ತಿದರೆ ಇನ್ನೊಂದು ಕೋಣೆ ಇದೆ, ಫಲಕದಲ್ಲಿ ಅದರ ಉಲ್ಲೇಖವಿಲ್ಲ’ ಎನ್ನುವ ಬರಹಕ್ಕೂ ಇರುವ ಅಂತರ ದೊಡ್ಡದು. ಯಾವುದು ಕೆಲಸ ಮಾಡಲಿಲ್ಲ, ಎಲ್ಲಿ ಜಾಗ ತುಂಬಾ ನಿಧಾನವಾಯಿತು, ಯಾವ ಉಡುಪು ಯಾವ ದೇಹಕ್ಕೆ ಹೊಂದಲಿಲ್ಲ ಎಂದೂ ಹೇಳುವವರ ಹೊಗಳಿಕೆಯನ್ನು ನಂಬಬಹುದು.

ಆಮೇಲೆ ಅವರು ಬರೆದ ಒಂದು ತಾಣಕ್ಕೆ ನೀವೇ ಹೋಗಿ. ಚಿತ್ರದಲ್ಲಿ ಕಂಡ ಚಿನ್ನದ ಸಂಜೆ ನಿಮ್ಮ ಪರದೆಯ ಮೇಲೆ ಕಾಣದಿದ್ದರೆ ಮೋಸವೆಂದು ಭಾವಿಸಬೇಡಿ. ಸೆಕೆಂಡ್ ಲೈಫ್‌ನಲ್ಲಿ ಆಕಾಶ, ನೀರು, ಸೂರ್ಯನ ಬೆಳಕನ್ನು ನೋಡುವವರೇ ತಮ್ಮ ವ್ಯೂವರ್‌ನಲ್ಲಿ (ಆ ಲೋಕವನ್ನು ತೆರೆದು ತೋರಿಸುವ ತಂತ್ರಾಂಶದಲ್ಲಿ) ಬದಲಿಸಿಕೊಳ್ಳಬಹುದು. ಛಾಯಾಚಿತ್ರಕಾರರು ಫೈರ್‌ಸ್ಟಾರ್ಮ್‌ನಂಥ ವ್ಯೂವರ್‌ಗಳಲ್ಲಿ ಇದಕ್ಕಾಗಿ ಗಂಟೆಗಟ್ಟಲೆ ಕೂರುತ್ತಾರೆ. ಆದರೆ ಬೆಳಕನ್ನು ತಾವು ಬದಲಿಸಿದ್ದೇವೆ, ಚಿತ್ರವನ್ನು ನಂತರ ತಿದ್ದಿದ್ದೇವೆ ಎಂದು ಹೇಳುವ ಪ್ರಾಮಾಣಿಕತೆ ಇದೆಯೇ ಎಂದು ನೋಡಿ. ಅದು ಬರೆಯುವವರ ಗುಣವನ್ನು ತೋರಿಸುತ್ತದೆ.

ಫ್ಯಾಷನ್ ಮತ್ತು ಅಲಂಕಾರದ ಬ್ಲಾಗುಗಳಲ್ಲಿ ಇನ್ನೊಂದು ವಿಷಯವಿದೆ. ಅಂಗಡಿಗಳು ಮತ್ತು ಮಾಸಿಕ ಮೇಳಗಳು ಬ್ಲಾಗರುಗಳನ್ನು ಅರ್ಜಿ ಕರೆದು ಆಯ್ದುಕೊಳ್ಳುತ್ತವೆ, ಹೊಸ ಸರಕನ್ನು ಉಚಿತವಾಗಿ ಕೊಡುತ್ತವೆ, ಇಷ್ಟು ದಿನದೊಳಗೆ ಬರೆಯಬೇಕು ಎಂದು ಕೇಳುತ್ತವೆ. ಇದರಲ್ಲಿ ತಪ್ಪೇನಿಲ್ಲ; ಆ ಲೋಕದ ವ್ಯಾಪಾರ ನಡೆಯುವುದೇ ಹೀಗೆ, ದಿನವೂ ಹೊಸ ಉಡುಪು ತೋರಿಸುವವರು ಎಲ್ಲವನ್ನೂ ಅಲ್ಲಿನ ಹಣವಾದ ಲಿಂಡನ್ ಡಾಲರನ್ನು ತಾವೇ ಕೊಟ್ಟು ಕೊಳ್ಳಲಾರರು. ನಾನು ನೋಡುವುದು ಎರಡೇ ಸಂಗತಿ. ಉಚಿತವಾಗಿ ಬಂದದ್ದು ಯಾವುದು ಎಂದು ಅವರು ಓದುಗರಿಗೆ ತಿಳಿಸುತ್ತಾರೆಯೇ? ಯಾರೂ ಕಳುಹಿಸದಿದ್ದರೂ ತಾವೇ ಕಂಡುಕೊಂಡ ಸಣ್ಣ ಅಂಗಡಿಯ ಬಗ್ಗೆ ಆಗಾಗ ಬರೆಯುತ್ತಾರೆಯೇ? ಎರಡಕ್ಕೂ ಹೌದು ಎಂಬ ಉತ್ತರ ಸಿಕ್ಕರೆ ಅವರನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.

ದಿನಾಂಕ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಮೆಶ್ ಬಂದದ್ದು 2011ರಲ್ಲಿ. ಅದಕ್ಕೂ ಹಿಂದಿನ ಉಡುಪಿನ ಸಲಹೆ ಇಂದಿನ ದೇಹಗಳಿಗೆ ಹೊಂದುವುದಿಲ್ಲ. ಚರ್ಮ, ಹಚ್ಚೆಗಳನ್ನು ಮೆಶ್ ದೇಹದ ಮೇಲೆ ನೇರವಾಗಿ ಕೂರಿಸುವ ಬೇಕ್ಸ್ ಆನ್ ಮೆಶ್ ಬಂದದ್ದು 2019ರಲ್ಲಿ. ಹಣ ಹಾಕಿ ಅದೃಷ್ಟ ಪರೀಕ್ಷಿಸುವ ಗಾಚಾ ಯಂತ್ರಗಳನ್ನು ಲಿಂಡನ್ ಲ್ಯಾಬ್ 2021ರಲ್ಲಿ ನಿಲ್ಲಿಸಿತು, ಆದ್ದರಿಂದ ಹಳೆಯ ಬರಹಗಳಲ್ಲಿ ಕಾಣುವ ಆ ಸರಕುಗಳಿಗಾಗಿ ಯಂತ್ರ ಹುಡುಕಿಕೊಂಡು ಹೋದರೆ ಸಿಗುವುದಿಲ್ಲ. ಹಾಗೆಂದು ಹಳೆಯ ಬ್ಲಾಗನ್ನು ಬದಿಗೆ ಸರಿಸಬೇಡಿ. ಕೊಳ್ಳಲು ಉಪಯೋಗವಿಲ್ಲದಿದ್ದರೂ ಆ ಲೋಕ ಆಗ ಹೇಗಿತ್ತು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಆಕರವಿಲ್ಲ. ಶಿಫಾರಸು ಮಾಡುವಾಗ ಅದನ್ನು ಹಾಗೆಂದೇ ಹೇಳಿ.

ಹೆಜ್ಜೆ 5: ಪರಿಚಯ ಮಾಡಿಕೊಳ್ಳಿ

ಇಷ್ಟವಾದ ಬರಹದ ಕೆಳಗೆ ಮೊದಲು ಪ್ರತಿಕ್ರಿಯೆ ಬರೆಯಿರಿ. ಅವರು ಹೇಳಿದ ಜಾಗಕ್ಕೆ ಹೋಗಿದ್ದೆ, ಇದನ್ನು ಕಂಡೆ ಎಂದು ಒಂದೆರಡು ಸಾಲು ಸಾಕು. ಓದುವವರಿದ್ದಾರೆ ಎಂಬ ಅರಿವೇ ಬರೆಯುವವರನ್ನು ಮುಂದುವರಿಸುತ್ತದೆ. ವರ್ಷಗಳ ಕಾಲ ಸಂಬಳವಿಲ್ಲದೆ ಬರೆದವರಿಗೆ ಮೌನಕ್ಕಿಂತ ದೊಡ್ಡ ಆಯಾಸವಿಲ್ಲ.

ಒಳಗೆ ಮಾತಾಡಿಸಬೇಕೆಂದರೆ ನೋಟ್‌ಕಾರ್ಡ್ ಕಳುಹಿಸುವುದು ಅಲ್ಲಿನ ಮರ್ಯಾದೆ. ಅವರು ಹೊರಗಿದ್ದಾಗ ಬರುವ ಸಂದೇಶಗಳಿಗೆ ಮಿತಿ ಇದೆ. ಅದು ತುಂಬಿದ ಮೇಲೆ ಬಂದವು ತಲುಪುವುದಿಲ್ಲ. ನೋಟ್‌ಕಾರ್ಡ್‌ನ ಶೀರ್ಷಿಕೆಯಲ್ಲಿ ನಿಮ್ಮ ಬಳಕೆದಾರ ಹೆಸರು ಮತ್ತು ವಿಷಯ ಹಾಕಿ. ಇಲ್ಲದಿದ್ದರೆ ಸಾವಿರಾರು ವಸ್ತುಗಳಿರುವ ಅವರ ಇನ್ವೆಂಟರಿ ಎಂಬ ಸಂಗ್ರಹದಲ್ಲಿ ‘ಹೊಸ ಟಿಪ್ಪಣಿ’ ಎಂಬ ಹೆಸರಿನಲ್ಲಿ ಕಳೆದುಹೋಗುತ್ತದೆ.

ಊರು, ಉದ್ಯೋಗ, ವಯಸ್ಸು, ನಿಜ ಜೀವನದಲ್ಲಿ ಗಂಡೋ ಹೆಣ್ಣೋ ಎಂದು ಕೇಳಬೇಡಿ. ನಮ್ಮ ಕಡೆ ಹೊಸಬರು ಸಿಕ್ಕ ತಕ್ಷಣ ಊರು ಯಾವುದು ಎಂದು ಕೇಳುವುದು ಆತ್ಮೀಯತೆಯ ಲಕ್ಷಣ. ಅಲ್ಲಿ ಅದು ಗಡಿ ದಾಟುವ ಪ್ರಶ್ನೆ. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ. ಒಂದು ವೇಳೆ ನಿಮಗೆ ತಿಳಿದಿದ್ದರೂ ಅದನ್ನು ಎಲ್ಲಿಯೂ ಬರೆಯಬೇಡಿ. ನಿವಾಸಿಯೊಬ್ಬರ ಖಾಸಗಿ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಬಯಲಿಗೆ ತರುವುದು, ಖಾಸಗಿ ಮಾತುಕತೆಯನ್ನು ಒಪ್ಪಿಗೆಯಿಲ್ಲದೆ ಅಲ್ಲಿ ಹಂಚುವುದು ಸೆಕೆಂಡ್ ಲೈಫ್‌ನ ಸಮುದಾಯ ನಿಯಮಗಳಿಗೇ ವಿರುದ್ಧ. ಆ ಲೋಕ ನಿಂತಿರುವುದು ಈ ನಂಬಿಕೆಯ ಮೇಲೆ. ಹಲವರು ಮನಬಿಚ್ಚಿ ಬರೆಯುತ್ತಿರುವುದು ಅವತಾರದ ಹೆಸರಿನ ಆಸರೆ ಇರುವುದರಿಂದಲೇ.

ಭಾಷೆಯ ಬಗ್ಗೆಯೂ ಹಿಂಜರಿಕೆ ಬೇಡ. ಇಂಗ್ಲಿಷ್ ಬರಹಗಳೇ ಹೆಚ್ಚಾದರೂ ಜಪಾನಿ, ಫ್ರೆಂಚ್, ಜರ್ಮನ್, ಇಟಾಲಿಯನ್, ಪೋರ್ಚುಗೀಸ್‌ನಲ್ಲಿ ಬರೆಯುವ ನಿವಾಸಿಗಳಿದ್ದಾರೆ. ಬ್ರೌಸರಿನ ಅನುವಾದದ ನೆರವಿನಿಂದ ಓದಬಹುದು. ಯಂತ್ರದ ಅನುವಾದವನ್ನು ಮಾತ್ರ ಅವರ ಮಾತೆಂದು ಉದ್ಧರಿಸಬೇಡಿ.

ಹೆಜ್ಜೆ 6: ಶಿಫಾರಸು ಬರೆಯಿರಿ

ಒಂದು ಬಾರಿಗೆ ಒಬ್ಬರು. ಹೆಚ್ಚೆಂದರೆ ಮೂವರು, ಅದೂ ಮೂವರ ನಡುವೆ ಏನಾದರೂ ನಂಟಿದ್ದರೆ: ಒಂದೇ ತಾಣವನ್ನು ಮೂರು ಬಗೆಯಲ್ಲಿ ಕಂಡವರು ಎಂಬಂತೆ. ಹೆಸರಾದವರನ್ನು ಬಿಟ್ಟು, ಓದುಗರು ಕಡಿಮೆ ಇರುವವರನ್ನು ಆರಿಸಿ.

ಹೆಸರಿನಲ್ಲಿ ಎಚ್ಚರ ಬೇಕು. ಅವತಾರದ ತಲೆಯ ಮೇಲೆ ಕಾಣುವ ಪ್ರದರ್ಶನ ಹೆಸರನ್ನು ವಾರಕ್ಕೊಮ್ಮೆ ಬದಲಿಸಬಹುದು. ಒಂದೇ ಪ್ರದರ್ಶನ ಹೆಸರು ಹಲವರಿಗೂ ಇರಬಹುದು. ಅದರ ಕೆಳಗಿನ ಬಳಕೆದಾರ ಹೆಸರು ಒಬ್ಬರಿಗೆ ಮಾತ್ರ ಸೇರಿದ್ದು. ಶಿಫಾರಸಿನಲ್ಲಿ ಎರಡನ್ನೂ ಕೊಡಿ. ಬರೆಯುವಾಗ ‘ಅವರು’ ಎಂದೇ ಬಳಸಿ. ಯಾವ ಊಹೆಗೂ ಎಡೆಯಿರುವುದಿಲ್ಲ.

ಈಗ ಒಕ್ಕಣೆ. ಸಾಮಾನ್ಯವಾಗಿ ಕಾಣುವುದು ಹೀಗೆ: ‘ಇವರು ನನ್ನ ಮೆಚ್ಚಿನ ಬ್ಲಾಗರ್. ಅದ್ಭುತ ಚಿತ್ರಗಳು, ಸುಂದರ ಬರಹ. ಎಲ್ಲರೂ ತಪ್ಪದೆ ಓದಿ.’ ಇದನ್ನು ಓದಿದವರಿಗೆ ಏನು ಸಿಕ್ಕಿತು? ಯಾರ ಬಗ್ಗೆ ಬೇಕಾದರೂ ಹೇಳಬಹುದಾದ ಮೂರು ಸಾಲು. ಅದರ ಬದಲು ಹೀಗೆ ಬರೆದು ನೋಡಿ:

‘ಹಳೆಯ ರೈಲು ನಿಲ್ದಾಣ, ಪಾಳು ಕಾರ್ಖಾನೆಗಳಂಥ ತಾಣಗಳನ್ನು ಇಷ್ಟಪಡುವವರಿಗೆ ಈ ಬ್ಲಾಗ್. ಇವರು ವಾರಕ್ಕೊಂದೇ ಜಾಗ ಬರೆಯುತ್ತಾರೆ, ಆದರೆ ಅದನ್ನು ಕಟ್ಟಿದವರನ್ನು ಮಾತಾಡಿಸದೆ ಬರೆಯುವುದಿಲ್ಲ. ಮುಚ್ಚಿಹೋದ ಒಂದು ಬಂದರಿನ ಬಗ್ಗೆ ಕಳೆದ ವರ್ಷ ಬರೆದದ್ದರಿಂದ ಆರಂಭಿಸಿ. ಕಟ್ಟಿದವರು ಕೊನೆಯ ದಿನ ಒಂದೊಂದೇ ದೀಪವನ್ನು ತೆಗೆದದ್ದನ್ನು ಇವರು ಜೊತೆಗಿದ್ದು ದಾಖಲಿಸಿದ್ದಾರೆ. ಬಟ್ಟೆ, ಅಂಗಡಿ ಹುಡುಕುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಕೆಲವು ತಾಣಗಳು ವಯಸ್ಕರಿಗೆ ಮಾತ್ರ. ಅಂಥ ಕಡೆ ಅವರೇ ಸೂಚಿಸಿರುತ್ತಾರೆ.’

ಇದು ನಾನು ಮಾದರಿಗಾಗಿ ಕಟ್ಟಿದ್ದು. ಆದರೆ ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ, ಎಲ್ಲಿಂದ ಆರಂಭಿಸಬೇಕು, ಏನು ಎಚ್ಚರ ಎಂಬ ನಾಲ್ಕೂ ಇದರಲ್ಲಿವೆ. ಆರಂಭಿಸಲು ಒಂದು ನಿರ್ದಿಷ್ಟ ಬರಹವನ್ನು ತೋರಿಸುವುದು ಎಲ್ಲಕ್ಕಿಂತ ಮುಖ್ಯ. ಮುಖಪುಟದ ಕೊಂಡಿ ಕೊಟ್ಟರೆ ಓದುಗರು ಅಲ್ಲಿ ಆ ದಿನ ಏನಿದೆಯೋ ಅದನ್ನು ನೋಡಿ ಹಿಂತಿರುಗುತ್ತಾರೆ. ಸೆಕೆಂಡ್ ಲೈಫ್‌ನ ರೀಜನ್‌ಗಳನ್ನು ಜನರಲ್, ಮಾಡರೇಟ್, ಅಡಲ್ಟ್ ಎಂದು ಮೂರು ದರ್ಜೆಗಳಲ್ಲಿ ವಿಂಗಡಿಸಿದ್ದಾರೆ. ಮನೆಯವರ ಮುಂದೆ ಅಥವಾ ಕಚೇರಿಯಲ್ಲಿ ಕೊಂಡಿ ತೆರೆಯುವವರಿರುತ್ತಾರೆ, ಅವರಿಗಾಗಿ ಆ ದರ್ಜೆಯನ್ನು ಹೇಳಿಬಿಡಿ.

ಅವರ ಚಿತ್ರವನ್ನು ಎತ್ತಿ ನಿಮ್ಮ ಪುಟಕ್ಕೆ ಹಾಕಬೇಡಿ. ಕೇಳಿ, ಬಹುತೇಕರು ಸಂತೋಷದಿಂದ ಕೊಡುತ್ತಾರೆ. ಇಲ್ಲವೇ ನೀವೇ ಆ ತಾಣಕ್ಕೆ ಹೋಗಿ ಚಿತ್ರ ತೆಗೆಯಿರಿ, ಅದಕ್ಕೂ ಮುನ್ನ ಆ ಜಾಗದ ನಿಯಮಪತ್ರ ಓದಿ. ಕೆಲವು ಮಾಲೀಕರು ಚಿತ್ರೀಕರಣವನ್ನು ಒಪ್ಪುವುದಿಲ್ಲ. ಆ ಬ್ಲಾಗರ್ ನಿಮ್ಮ ಗೆಳೆಯರಾಗಿದ್ದರೆ, ಇಬ್ಬರೂ ಒಂದೇ ಅಂಗಡಿಗೆ ಬರೆಯುವವರಾಗಿದ್ದರೆ ಆ ಮಾತನ್ನೂ ಒಂದು ಸಾಲಿನಲ್ಲಿ ತಿಳಿಸಿ.

ಹೆಜ್ಜೆ 7: ಸರಿಯಾದ ಕಡೆ ಇಡಿ

ಬರೆದದ್ದನ್ನು ನಿಮ್ಮ ಪುಟದಲ್ಲಿ ಹಾಕಿದರೆ ಸಾಲದು. ನಿಮ್ಮ ಪ್ರೊಫೈಲ್‌ನ ಒಂದು ಪಿಕ್ ಅನ್ನು ಅವರಿಗೆ ಕೊಡಿ. ತಾಣದ ಬಗ್ಗೆ ಬರೆದಿದ್ದರೆ ಆ ತಾಣದ ಮಾಲೀಕರಿಗೆ ಕೊಂಡಿ ಕಳುಹಿಸಿ. ತಮ್ಮ ಜಾಗದ ಬಗ್ಗೆ ಯಾರು ಏನು ಬರೆದಿದ್ದಾರೆ ಎಂದು ಎಷ್ಟೋ ಮಾಲೀಕರಿಗೆ ಗೊತ್ತೇ ಇರುವುದಿಲ್ಲ, ತಿಳಿದರೆ ತಮ್ಮ ಗುಂಪಿಗೆ ಹೇಳುತ್ತಾರೆ. ಗುಂಪಿನ ಪ್ರಕಟಣೆಯಲ್ಲಿ ನೀವೇ ಹಾಕುವುದಾದರೆ ಗುಂಪು ನಡೆಸುವವರ ಅನುಮತಿ ಕೇಳಿ. ಹೊಸಬರಿಗೆ ಸಹಾಯ ಮಾಡುವ ಗುಂಪುಗಳಲ್ಲಿ ಯಾರಾದರೂ ಪ್ರಶ್ನೆ ಕೇಳಿದಾಗ, ಅದಕ್ಕೆ ಉತ್ತರವಿರುವ ಬರಹದ ಕೊಂಡಿ ಕೊಡುವುದು ಎಲ್ಲ ಶಿಫಾರಸುಗಳಲ್ಲಿ ಹೆಚ್ಚು ಉಪಯುಕ್ತವಾದದ್ದು.

ನೋಟ್‌ಕಾರ್ಡ್‌ನೊಳಗೆ ಲ್ಯಾಂಡ್‌ಮಾರ್ಕ್‌ಗಳನ್ನು (ಒಂದು ಜಾಗಕ್ಕೆ ನೇರವಾಗಿ ಕರೆದೊಯ್ಯುವ ಗುರುತುಗಳನ್ನು) ಇಡಲು ಬರುತ್ತದೆ. ಮೂರು ತಾಣಗಳ ಲ್ಯಾಂಡ್‌ಮಾರ್ಕ್, ಪ್ರತಿಯೊಂದರ ಕೆಳಗೆ ಅದರ ಬಗ್ಗೆ ಬರೆದವರ ಹೆಸರು ಮತ್ತು ವಿಳಾಸ ಇರುವ ಪುಟ್ಟ ನೋಟ್‌ಕಾರ್ಡ್ ಮಾಡಿಟ್ಟುಕೊಂಡು ಕೇಳಿದವರಿಗೆ ಕೊಡಿ. ಪಡೆದವರು ಓದಿದ ಕೂಡಲೇ ಹೋಗಿ ನೋಡಬಹುದು.

ಕನ್ನಡದಲ್ಲಿಯೂ ಬರೆಯಿರಿ ಎಂಬುದು ನನ್ನ ಮನಸಾರೆಯ ಕೋರಿಕೆ. ಬೆಂಗಳೂರಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕೂತು ಸೆಕೆಂಡ್ ಲೈಫ್‌ಗೆ ಕಾಲಿಡುವ ಕನ್ನಡಿಗರಿಗೆ ಆ ಲೋಕದ ಒಳ್ಳೆಯ ಬರಹವನ್ನು ಕನ್ನಡದಲ್ಲಿ ಪರಿಚಯಿಸುವವರು ಬೇಕು. ಮೂಲ ಬರಹ ಯಾವ ಭಾಷೆಯದಾದರೂ ಇರಲಿ, ಹತ್ತು ಸಾಲಿನ ಪರಿಚಯ ಕನ್ನಡದಲ್ಲಿರಲಿ.

ಶಿಫಾರಸು ಪ್ರಕಟವಾದ ಮೇಲೆ ಆ ಬ್ಲಾಗರ್‌ಗೆ ಕೊಂಡಿ ಕಳುಹಿಸಿ. ಕನ್ನಡದಲ್ಲಿ ಬರೆದಿದ್ದರೆ ಏನು ಬರೆದಿದ್ದೀರಿ ಎಂಬುದರ ಸಾರವನ್ನು ಇಂಗ್ಲಿಷಿನಲ್ಲಿ ಜೊತೆಗಿಡಿ. ಬದಲಿಗೆ ನಿಮ್ಮ ಬಗ್ಗೆ ಬರೆಯಿರಿ ಎಂದು ಕೇಳಬೇಡಿ.

ಹೆಜ್ಜೆ 8: ಪಟ್ಟಿಯನ್ನು ಕಾಯ್ದುಕೊಳ್ಳಿ

ಪ್ರತಿ ಶಿಫಾರಸಿನ ಕೆಳಗೆ ತಿಂಗಳು, ವರ್ಷ ಬರೆಯಿರಿ. ಕೆಲವು ತಿಂಗಳಿಗೊಮ್ಮೆ ಕೊಂಡಿಗಳನ್ನೆಲ್ಲ ಒತ್ತಿ ನೋಡಿ. ತಾಣ ಮುಚ್ಚಿದ್ದರೆ ‘ಈ ತಾಣ ಈಗ ಇಲ್ಲ, ಬರಹ ಮಾತ್ರ ಇದೆ’ ಎಂಬ ಸಾಲು ಸೇರಿಸಿ. ಬ್ಲಾಗರ್ ಬರೆಯುವುದನ್ನು ನಿಲ್ಲಿಸಿದ್ದರೆ ಅವರ ಹೆಸರು ಅಳಿಸಬೇಡಿ. ‘ಹಳೆಯ ಬರಹಗಳು’ ಎಂಬ ಪ್ರತ್ಯೇಕ ಭಾಗ ಮಾಡಿ ಅಲ್ಲಿಗೆ ಸರಿಸಿ. ನಿಮಗೆ ಬಹಳ ಮುಖ್ಯವೆನಿಸಿದ ಬರಹಗಳ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಕೊಟ್ಟು ಪ್ರತಿ ಉಳಿಸಿ, ಆ ಪ್ರತಿಯ ಕೊಂಡಿಯನ್ನೂ ಮೂಲದ ಪಕ್ಕದಲ್ಲಿ ಇಡಿ. ತಮ್ಮ ಬ್ಲಾಗನ್ನು ಉದ್ದೇಶಪೂರ್ವಕವಾಗಿ ತೆಗೆದುಹಾಕಿದವರ ವಿಷಯ ಬೇರೆ. ಅವರು ಕೇಳಿದರೆ ನಿಮ್ಮ ಪಟ್ಟಿಯಿಂದ ಕೊಂಡಿಯನ್ನು ಅಂದೇ ತೆಗೆಯಿರಿ, ಕಾರಣ ಕೇಳಬೇಡಿ.